ಬ್ಲಾಕ್ ಅಂಡ್ ವೈಟ್ ಪ್ರಿಂಟಲ್ಲಿ ಕಪ್ಪು ಕಪ್ಪಾಗೇ ಬರ್ತಿಲ್ಲ, ಬೂದಿ ಬಳಿದ ಹಾಗಿದೆ. ಯಾವ ಪೇಪರ್ ಹಾಕಲಿ?

ಕಂಬಳಿಹುಳ
ಎಲ್ರಿಗೂ ನಮಸ್ಕಾರ. ಎರಡು ವಾರದಿಂದ ಒಂದೇ ಫೋಟೋ ಹಿಡ್ಕೊಂಡು ಕೂತಿದೀನಿ, ತಡ್ಕೊಳೋಕಾಗದೆ ಇಲ್ಲಿ ಬರೀತಿದೀನಿ. ಫೋಟೋ ಏನಪ್ಪಾ ಅಂದ್ರೆ, ಕಿಟಕಿ ಪಕ್ಕ ಕೂತಿರೋ ಒಬ್ರು ವಯಸ್ಸಾದವರು, ಮುಖದ ಅರ್ಧಕ್ಕೆ ಮಾತ್ರ ಬೆಳಕು, ಮೈಮೇಲೆ ಕರಿ ಕಂಬಳಿ, ಹಿಂದೆ ಪೂರ್ತಿ ಕತ್ತಲು. ಸ್ಕ್ರೀನಲ್ಲಿ ಕತ್ತಲು ಕತ್ತಲಾಗೇ ಇದೆ, ಕಂಬಳಿಯ ಎಳೆ ಎಳೆನೂ ಕಾಣುತ್ತೆ. ಪ್ರಿಂಟ್ ತೆಗೆದ್ರೆ ಒಣಗಿದ ಸ್ಲೇಟ್ ಇರುತ್ತಲ್ಲ, ಆ ಬಣ್ಣ. ಎಳೆ ಗಿಳೆ ಏನೂ ಇಲ್ಲ, ಕಂಬಳಿ ಒಂದು ಮುದ್ದೆ ಆಗಿ ಕೂತಿದೆ.

ಪ್ರಿಂಟರ್ ಪಿಗ್ಮೆಂಟ್ ಇಂಕಿಂದು (ಬಣ್ಣದ ಪುಡಿ ಬೆರೆಸಿದ ಇಂಕು), ಹತ್ತು ಕಾರ್ಟ್ರಿಜ್. ಪೇಪರ್ 300 ಚಿಲ್ಲರೆ ಜಿಎಸ್‌ಎಂ ಕಾಟನ್ ಮ್ಯಾಟ್ (ಹೊಳಪಿಲ್ಲದ ಹತ್ತಿ ಕಾಗದ), ಒಳ್ಳೆ ಹೆಸರಿರೋ ಪೇಪರೇ. ನೆಟ್ಟಲ್ಲಿ ಓದಿದ್ರೆ ಕೆಲವರು ಹೊಳಪಿರೋ ಬರೈಟಾ ಪೇಪರ್ ಅಂತಾರೆ, ಕೆಲವರು ಮ್ಯಾಟ್ ಬಿಟ್ರೆ ಕಲೆನೇ ಇಲ್ಲ ಅಂತಾರೆ. ಗಾಢ ಕಪ್ಪು ಬೇಕು ಅಂದ್ರೆ ಯಾವ ಪೇಪರ್ ತಗೊಳ್ಳಲಿ ಹೇಳಿ. ಬಾಕ್ಸ್ ಗಟ್ಟಲೆ ತಂದು ಟೆಸ್ಟ್ ಮಾಡೋ ಶಕ್ತಿ ಇಲ್ಲ.

ಹೊಳಪೇ_ಬಲ
ಬರೈಟಾ. ಮುಗೀತು.

ಹಾನೆಮ್ಯೂಲೆ ಫೋಟೋ ರಾಗ್ ಬರೈಟಾ 315, ಕ್ಯಾನ್ಸನ್ ಬರೈಟಾ ಫೋಟೋಗ್ರಾಫಿಕ್ 310. ಇವುಗಳಲ್ಲಿ ಯಾವುದನ್ನಾದ್ರೂ ಹಾಕಿ, ಮ್ಯಾಟ್ ಕಡೆ ತಿರುಗಿ ನೋಡಲ್ಲ.

ಮಸಿಕೈ
ಗುರು ಪೇಪರ್ ಮೇಲೆ ಗೂಬೆ ಕೂರಿಸೋ ಮುಂಚೆ ಎರಡು ಪ್ರಶ್ನೆಗೆ ಉತ್ತರ ಹೇಳು. ಒಂದು, ಡ್ರೈವರ್‌ನಲ್ಲಿ ಮೀಡಿಯಾ ಟೈಪ್ (ಪೇಪರ್ ಯಾವ ಥರದ್ದು ಅನ್ನೋದು) ಏನು ಸೆಲೆಕ್ಟ್ ಮಾಡಿದ್ದೆ? ಎರಡು, ಆ ಪ್ರಿಂಟ್ ಯಾವ ಬ್ಲಾಕಲ್ಲಿ ಬಂತು, ಫೋಟೋ ಬ್ಲಾಕಾ ಮ್ಯಾಟ್ ಬ್ಲಾಕಾ?

ಕಂಬಳಿಹುಳ
@ಮಸಿಕೈ ಬ್ಲಾಕ್ ಎರಡು ಥರ ಇದೆ ಅಂತ ಕಾರ್ಟ್ರಿಜ್ ಮೇಲೆ ನೋಡಿದೀನಿ, ಆದ್ರೆ ಅದನ್ನ ಪ್ರಿಂಟರೇ ನೋಡ್ಕೊಳುತ್ತೆ ಅಂದ್ಕೊಂಡಿದ್ದೆ. ಮೀಡಿಯಾ ಟೈಪ್ ಸಂಜೆ ಮನೆಗೆ ಹೋಗಿ ನೋಡಿ ಹೇಳ್ತೀನಿ.

ಮಸಿಕೈ
ಪ್ರಿಂಟರ್ ನೋಡ್ಕೊಳುತ್ತೆ ನಿಜ, ಆದ್ರೆ ನೀನು ಹೇಳಿದ ಮೀಡಿಯಾ ಟೈಪ್ ನಂಬಿ ನೋಡ್ಕೊಳುತ್ತೆ. ಒಳಗೆ ಯಾವ ಪೇಪರ್ ಹಾಕಿದೀಯ ಅಂತ ಅದಕ್ಕೆ ಕಣ್ಣಿಲ್ಲ. ಲಸ್ಟರ್ (ಅರೆಹೊಳಪು) ಅಂತ ಹೇಳಿದ್ರೆ ಹೊಳಪು ಪೇಪರಿನ ಫೋಟೋ ಬ್ಲಾಕ್ ಬಿಡುತ್ತೆ, ಆ ಇಂಕು ಮ್ಯಾಟ್ ಪೇಪರ್ ಒಳಗೆ ಇಳಿದು ಹೋಗಿ ತೊಳೆದ ಬಟ್ಟೆ ಥರ ಬಿಳಚಿಕೊಳ್ಳುತ್ತೆ. ಉಲ್ಟಾ ಮಾಡಿದ್ರೆ ಇನ್ನೂ ಮಜಾ, ಗ್ಲಾಸಿ ಮೇಲೆ ಮ್ಯಾಟ್ ಬ್ಲಾಕ್ ಹಿಡಿಯೋದೇ ಇಲ್ಲ, ಬೆರಳಿಟ್ರೆ ಕೈಗೆ ಬರುತ್ತೆ. ನನ್ನ ಹೆಸರು ಸುಮ್ನೆ ಬಂದಿಲ್ಲ 😄

ಹತ್ತಿಕಾಗದ
@ಹೊಳಪೇ_ಬಲ "ಮುಗೀತು" ಅಂದ್ರೆ ಹೇಗೆ ಸ್ವಾಮಿ? ಗೋಡೆ ಮೇಲೆ ಹಾಕಿದಾಗ ಎದುರಿಗಿರೋ ಟ್ಯೂಬ್‌ಲೈಟ್ ಪೂರ್ತಿ ಆ ಹೊಳಪಲ್ಲಿ ಕಾಣುತ್ತಲ್ಲ, ಅದೂ ಗಾಢ ಕಪ್ಪೇನಾ? ನಾನು ಏಳೆಂಟು ವರ್ಷದಿಂದ ಫೋಟೋ ರಾಗ್ 308 ಅನ್ನೋ ಮ್ಯಾಟ್ ಪೇಪರ್ ಮೇಲೆ ಮಾತ್ರ ತೆಗೀತಿದೀನಿ. ಕಪ್ಪಲ್ಲಿ ಒಂದು ವೆಲ್ವೆಟ್ ಥರದ ಮೃದುತನ ಇರುತ್ತೆ, ಇದ್ದಿಲಲ್ಲಿ ಬಿಡಿಸಿದ ಹಾಗೆ. ಮೇಲೆ ಪ್ಲಾಸ್ಟಿಕ್ ಹೊದಿಸಿದ ಹಾಗೆ ಇರಲ್ಲ.

ಹೊಳಪೇ_ಬಲ
@ಹತ್ತಿಕಾಗದ ಇದ್ದಿಲು ಬೇಕಿದ್ರೆ ಇದ್ದಿಲಲ್ಲೇ ಬಿಡಿಸಿ ಸರ್, ಪ್ರಿಂಟರ್ ಯಾಕೆ? ಅಣ್ಣ ಕೇಳಿದ್ದು ಗಾಢ ಕಪ್ಪು. ಮೃದುತನ ಅಲ್ಲ.

ಡೆನ್ಸಿಟಿ_ಭೂತ
ಜಗಳ ಶುರು ಆಗೋ ಮುಂಚೆ ಸ್ವಲ್ಪ ಲೆಕ್ಕ ಹಾಕೋಣ, ಆಮೇಲೆ ಬೇಕಾದ್ರೆ ಹೊಡೆದಾಡಿ.

ಪೇಪರ್ ಕೊಡಬಹುದಾದ ಅತಿ ಗಾಢ ಕಪ್ಪಿಗೆ ಡಿಮ್ಯಾಕ್ಸ್ ಅಂತಾರೆ. ಇದು ಲಾಗ್ ಸ್ಕೇಲ್. ಡೆನ್ಸಿಟಿ 1 ಅಂದ್ರೆ ಬಿದ್ದ ಬೆಳಕಲ್ಲಿ 10% ವಾಪಸ್ ಬರುತ್ತೆ, 2 ಅಂದ್ರೆ 1%. ಮ್ಯಾಟ್ ಪೇಪರ್‌ಗಳು ಸರಿಯಾದ ಇಂಕಲ್ಲಿ ಸಾಮಾನ್ಯವಾಗಿ 1.6, 1.7ರ ಆಸುಪಾಸು ನಿಲ್ಲುತ್ತವೆ. ಬರೈಟಾ, ಲಸ್ಟರ್, ಗ್ಲಾಸಿ 2.2, 2.3, ಕೆಲವು ಅದಕ್ಕಿಂತ ಮೇಲೂ ಹೋಗ್ತವೆ. ನೋಡೋಕೆ ಚಿಕ್ಕ ವ್ಯತ್ಯಾಸ. ಆದ್ರೆ 1.6 ಅಂದ್ರೆ 2.5% ಬೆಳಕು ವಾಪಸ್, 2.3 ಅಂದ್ರೆ 0.5%. ಐದು ಪಟ್ಟು! ಪೇಪರ್ ಬಿಳುಪು 90% ಅಂತ ಇಟ್ಕೊಂಡ್ರೆ ಮ್ಯಾಟಲ್ಲಿ ಬಿಳಿ ಕಪ್ಪಿನ ಅನುಪಾತ 36ಕ್ಕೆ 1, ಬರೈಟಾದಲ್ಲಿ 180ಕ್ಕೆ 1. ನಿಮ್ಮ ಮಾನಿಟರ್ ಸಾಧಾರಣ ಐಪಿಎಸ್ ಆದ್ರೂ 1000ಕ್ಕೆ 1 ಹತ್ರ ಇರುತ್ತೆ. ಸ್ಕ್ರೀನ್ ಪಕ್ಕ ಹಿಡಿದ್ರೆ ಯಾವ ಪೇಪರ್ ಆದ್ರೂ ಸೋಲಲೇಬೇಕು.

ಮ್ಯಾಟ್ ಹಿಂದೆ ಬೀಳೋಕೆ ಕಾರಣ ಏನಂದ್ರೆ, ಸ್ಲೇಟ್ ಅಂದ್ರಲ್ಲ @ಕಂಬಳಿಹುಳ, ಅದನ್ನೇ ತಗೊಳ್ಳಿ. ಒದ್ದೆ ಮಾಡಿದಾಗ ಸ್ಲೇಟ್ ಎಷ್ಟು ಕಪ್ಪಾಗುತ್ತೆ, ಒಣಗಿದ ಮೇಲೆ ಹೇಗೆ ಬೂದು ಆಗುತ್ತೆ? ಕಲ್ಲು ಅದೇ, ಬದಲಾಗಿದ್ದು ಮೇಲ್ಮೈ. ಒರಟು ಮೇಲ್ಮೈ ಬೆಳಕನ್ನ ಎಲ್ಲಾ ದಿಕ್ಕಿಗೂ ಚದುರಿಸುತ್ತೆ, ನೀವು ಎಲ್ಲಿ ನಿಂತ್ರೂ ಅದರಲ್ಲಿ ಸ್ವಲ್ಪ ಕಣ್ಣಿಗೆ ಬೀಳುತ್ತೆ. ನುಣುಪು ಮೇಲ್ಮೈ ಒಂದೇ ದಿಕ್ಕಿಗೆ ಕಳಿಸುತ್ತೆ, ಆ ದಿಕ್ಕು ಬಿಟ್ಟು ನಿಂತ್ರೆ ಒಳಗಿನ ಕಪ್ಪು ಕಾಣುತ್ತೆ. ಬರೈಟಾ ಅಂದ್ರೆ ಯಾವತ್ತೂ ಒಣಗದ ಸ್ಲೇಟ್.

ಸುಮ್ನೆ_ಓದುವೆ
ಸ್ಲೇಟ್ ಉದಾಹರಣೆ 👌👌 ಇಷ್ಟು ದಿನಕ್ಕೆ ಡಿಮ್ಯಾಕ್ಸ್ ತಲೆಗೆ ಹೋಯ್ತು

ಹೊಳಪೇ_ಬಲ
ನೋಡಿದ್ರಾ, ಭೂತನೂ ನನ್ನ ಕಡೆ.

ಡೆನ್ಸಿಟಿ_ಭೂತ
ನಾನು ಯಾರ ಕಡೆನೂ ಇಲ್ಲ. ಆ ಐದು ಪಟ್ಟು ಬೆಳಕು ಅಳೆಯೋ ಮೀಟರಿಗೆ ಮಾತ್ರ. ಕಣ್ಣು ಪಕ್ಕದಲ್ಲಿ ಏನಿದೆ ಅಂತ ನೋಡಿ ಕಪ್ಪನ್ನ ತೀರ್ಮಾನ ಮಾಡುತ್ತೆ. ಎರಡು ಪ್ರಿಂಟನ್ನ ಅಕ್ಕಪಕ್ಕ ಇಟ್ರೆ ಮಾತ್ರ ಮ್ಯಾಟ್ ಬಡವಾಗಿ ಕಾಣೋದು. ಒಂದೇ ಇದ್ರೆ ಅರ್ಧ ನಿಮಿಷದಲ್ಲಿ ಕಣ್ಣು ಅದನ್ನೇ ಕಪ್ಪು ಅಂತ ಒಪ್ಕೊಳುತ್ತೆ.

ಕೆಂಪುದೀಪ
ಹಳೇ ಡಾರ್ಕ್‌ರೂಂ ಮನುಷ್ಯ ಮಾತಾಡ್ತಿದೀನಿ, ಕ್ಷಮಿಸಿ. ಫೈಬರ್ ಗ್ಲಾಸಿ ಪೇಪರ್ ಡೆವಲಪ್ ಮಾಡಿ, ಸೆಲೀನಿಯಂ ಟೋನರ್‌ನಲ್ಲಿ ಅದ್ದಿ ತೆಗೆದ್ರೆ ಕಪ್ಪು ಇನ್ನೊಂದು ಮೆಟ್ಟಿಲು ಗಾಢ ಆಗುತ್ತೆ, ಅದನ್ನ ಟ್ರೇ ಒಳಗೇ ನೋಡ್ತಾ ನಿಲ್ಲೋದೇ ಒಂದು ಸುಖ. ಟ್ರೇ ಒಳಗೆ ಒದ್ದೆ ಇದ್ದಾಗ ಅದ್ಭುತವಾಗಿ ಕಂಡ ಪ್ರಿಂಟು ಬೆಳಗ್ಗೆ ಒಣಗಿದ ಮೇಲೆ ಸಪ್ಪೆ ಆಗಿರ್ತಿತ್ತು, ಡ್ರೈ ಡೌನ್ ಅಂತಿದ್ವಿ. ಭೂತ ಹೇಳಿದ ಸ್ಲೇಟ್ ಕಥೆಯ ಅಣ್ಣತಮ್ಮ ಅದು.

ಇನ್ನೊಂದು ಮಾತು. ಬರೈಟಾ ಅಂದ್ರೆ ಬೇರಿಯಂ ಸಲ್ಫೇಟ್ ಪದರ. ಡಾರ್ಕ್‌ರೂಂ ಪೇಪರಲ್ಲಿ ಅದು ಎಮಲ್ಷನ್ (ಬೆಳಕು ಹಿಡಿಯೋ ಪದರ) ಕೆಳಗೆ ಇರ್ತಿತ್ತು, ಕಾಗದದ ನಾರು ಮುಚ್ಚಿ ನುಣುಪು ಕೊಡೋಕೆ, ಬಿಳುಪು ಹೆಚ್ಚಿಸೋಕೆ. ಅದು ಬಿಳಿ ಪುಡಿ ಮಾರಾಯ್ರೇ! ಕಪ್ಪು ಕೊಡೋ ವಸ್ತು ಅಲ್ಲ. "ಬರೈಟಾ ಇದೆ ಅದಕ್ಕೆ ಕಪ್ಪು ಜಾಸ್ತಿ" ಅಂತ ಎಲ್ಲರೂ ಹೇಳೋದು ಕೇಳಿ ಕೇಳಿ ಸಾಕಾಗಿದೆ.

ಹೊಳಪೇ_ಬಲ
@ಕೆಂಪುದೀಪ ಅಂದ್ರೆ ಬರೈಟಾ ಪೇಪರಲ್ಲಿ ಬರೋ ಕಪ್ಪು ಸುಳ್ಳಾ?

ಕೆಂಪುದೀಪ
ಕಪ್ಪು ನಿಜ, ಕಾರಣ ಬೇರೆ. ಇಂಕು ಹಿಡಿಯೋ ಮೇಲಿನ ಲೇಪನ ಹೊಳಪಿಂದು, ಇಂಕನ್ನ ಮೇಲ್ಗಡೆನೇ ಹಿಡಿದಿಟ್ಕೊಳುತ್ತೆ, ಅದರಿಂದ ಕಪ್ಪು. ಒಳ್ಳೆ ಲೇಪನ ಇರೋ, ಪ್ಲಾಸ್ಟಿಕ್ ಪದರದ ಆರ್‌ಸಿ ಲಸ್ಟರ್ ಪೇಪರ್‌ಗೆ ಬರೈಟಾನೂ ಇಲ್ಲ ಹತ್ತಿನೂ ಇಲ್ಲ, ಅಳತೆ ಮಾಡಿದ್ರೆ ಎಷ್ಟೋ ಸಲ ಅದೇ ಡಿಮ್ಯಾಕ್ಸ್ ಬರುತ್ತೆ. ಕೈಯಲ್ಲಿ ಹಿಡಿದಾಗ ಗೊತ್ತಾಗೋ ಸುಖ ಬೇರೆ, ಅದಕ್ಕೆ ನಾನೂ ಬರೈಟಾನೇ ಹಾಕೋದು.

ಗಡಿಬಿಡಿ_ಗುಂಡ
ಜಾಸ್ತಿ ಜಿಎಸ್‌ಎಂ ಇರೋ ಪೇಪರ್ ಹಾಕಿ ಬ್ರೋ, ದಪ್ಪ ಇದ್ದಷ್ಟೂ ಇಂಕ್ ಜಾಸ್ತಿ ಕುಡಿಯುತ್ತೆ, ಕಪ್ಪು ಜಾಸ್ತಿ ಬರುತ್ತೆ

ಮಸಿಕೈ
@ಗಡಿಬಿಡಿ_ಗುಂಡ ಇಲ್ಲಪ್ಪಾ. ಜಿಎಸ್‌ಎಂ ಅಂದ್ರೆ ಒಂದು ಚದರ ಮೀಟರ್ ಪೇಪರ್‌ನ ತೂಕ, ಅದರಲ್ಲಿ ಬಹುಪಾಲು ಕೆಳಗಿನ ಕಾಗದದ್ದು. ಇಂಕು ಕೂರೋದು ಮೇಲಿನ ತೆಳು ಲೇಪನದಲ್ಲಿ. ಕ್ಯಾನ್ಸನ್ ರಾಗ್ ಫೋಟೋಗ್ರಾಫಿಕ್ 210ರಲ್ಲೂ ಇದೆ 310ರಲ್ಲೂ ಇದೆ, ಎರಡರ ಮೇಲೂ ಕಪ್ಪು ಒಂದೇ. ದಪ್ಪ ಪೇಪರ್ ಸುಕ್ಕಾಗಲ್ಲ, ಫ್ರೇಮಲ್ಲಿ ನೆಟ್ಟಗೆ ನಿಲ್ಲುತ್ತೆ, ಅಷ್ಟೇ ಲಾಭ. ಇನ್ನು ಇಂಕು "ಕುಡಿಯೋದು" ಒಳ್ಳೇದು ಅಂತ ಯಾರು ಹೇಳಿದ್ರು? ಕುಡಿದು ಒಳಗಿಳಿದ ಇಂಕೇ ಬೂದಿ ಆಗೋದು. ಜೆರಾಕ್ಸ್ ಪೇಪರ್ ಮೇಲೆ ಫೋಟೋ ಪ್ರಿಂಟ್ ಮಾಡಿ ನೋಡು ಗೊತ್ತಾಗುತ್ತೆ.

ಗಡಿಬಿಡಿ_ಗುಂಡ
ಸರಿ ಹಾಗಾದ್ರೆ ಡ್ರೈವರಲ್ಲಿ ಕಲರ್ ಡೆನ್ಸಿಟಿ ಅಂತ ಇರುತ್ತಲ್ಲ ಅದನ್ನ ಪೂರ್ತಿ ಮೇಲಕ್ಕೆ ಎಳೀರಿ, ಇಂಕು ಸುರಿದ್ರೆ ಕಪ್ಪು ತಾನಾಗೇ ಬರುತ್ತೆ

ಬಯಲುಸೀಮಿ
ಗುಂಡಪ್ಪಾ ಒಂದ್ ನಿಮಿಷ ತಡೀಪಾ. ನಾ ಇದನ್ನ ಮಾಡಿ ಕೈ ಸುಟ್ಕೊಂಡೇನಿ. ಮ್ಯಾಟ್ ಪೇಪರಿಗೆ ಒಂದ್ ಮಿತಿ ಐತಿ, ಅದರ ಮ್ಯಾಲೆ ಇಂಕ್ ಹಾಕಿದ್ರ ಕಪ್ಪು ಹೆಚ್ಚಾಗಂಗಿಲ್ಲ, ಉಲ್ಟಾ ಕಡಿಮಿ ಆಗತೈತಿ. ಇಂಕ್ ನಿಂತ್ಕೊಂಡು ಮಡು ಕಟ್ಟತೈತಿ, ಒಣಗಿದ ಮ್ಯಾಲೆ ಅಲ್ಲಲ್ಲಿ ಕಲಿ ಕಲಿ ಕಾಣತಾವ, ನೆರಳಿನ ವಿವರ ಎಲ್ಲಾ ಕೂಡಿ ಹೋಗತೈತಿ. ಎಪ್ಸನ್ ಡ್ರೈವರ್‌ನಾಗ ಡೆನ್ಸಿಟಿ -50ರಿಂದ +50 ತನಕ ಸಿಗತೈತಿ. ಹತ್ತತ್ತು ಹೆಚ್ಚಿಸ್ಕೋತ ಒಂದು ಸಣ್ಣ ಕಪ್ಪು ಚೌಕ ತಗದು, ಮರುದಿನ ಒಣಗಿದ ಮ್ಯಾಲೆ ಕಿಟಕಿ ಹತ್ರ ಹಿಡದು ನೋಡ್ರಿ. ಎಲ್ಲಿ ಕಪ್ಪು ಹೆಚ್ಚಾಗೂದು ನಿಂತೈತೋ ಅದಕ್ಕಿಂತ ಒಂದು ಹೆಜ್ಜಿ ಹಿಂದ ಇರ್ರಿ. ಒಂದೇ ಹಾಳಿ ಸಾಕು, ತುಂಡು ಮಾಡಿ ಹಾಕ್ರಿ.

ಕಂಬಳಿಹುಳ
ಮನೆಗೆ ಬಂದು ನೋಡಿದೆ. ತಲೆ ತಗ್ಗಿಸಿ ಒಪ್ಕೋತೀನಿ, ಮೀಡಿಯಾ ಟೈಪ್ ಪ್ರೀಮಿಯಂ ಲಸ್ಟರ್‌ನಲ್ಲಿತ್ತು 🤦 ಹಿಂದಿನ ಸಲ ಲಸ್ಟರ್ ಪೇಪರ್‌ಗೆ ಇಟ್ಟಿದ್ದು ಹಾಗೇ ಉಳಿದಿದೆ. ಎರಡು ವಾರ ಫೋಟೋ ಬ್ಲಾಕಲ್ಲಿ ಮ್ಯಾಟ್ ಪೇಪರ್ ಹಾಳು ಮಾಡಿದೀನಿ.

ಮಸಿಕೈ
ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ 😂 ಬೇಜಾರಾಗ್ಬೇಡ, ನಾವೆಲ್ಲಾ ಈ ದಾರಿಲೇ ಬಂದಿದ್ದು. ಪೇಪರ್ ಕಂಪನಿ ಸೈಟಲ್ಲಿ ನಿನ್ನ ಪ್ರಿಂಟರ್‌ದು ಐಸಿಸಿ ಪ್ರೊಫೈಲ್ (ಆ ಪೇಪರಿಗೆ ಬಣ್ಣ ಹೊಂದಿಸೋ ಫೈಲ್) ಸಿಗುತ್ತೆ, ಅದರ ಜೊತೆಗೇ ಯಾವ ಮೀಡಿಯಾ ಟೈಪ್ ಇಡಬೇಕು ಅಂತ ಬರೆದಿರ್ತಾರೆ. ಆ ಸಾಲು ಓದದೆ ಪ್ರೊಫೈಲ್ ಮಾತ್ರ ಹಾಕ್ಕೊಂಡ್ರೆ ಪ್ರಯೋಜನ ಇಲ್ಲ. ಸರಿಮಾಡಿ ಇನ್ನೊಂದು ತೆಗಿ. ಪೇಪರ್ ಸರಿಯಾದ ಕಡೆ ಮೇಲಿದೆಯಾ ಅಂತಾನೂ ನೋಡು, ಬೆರಳು ಸ್ವಲ್ಪ ಒದ್ದೆ ಮಾಡಿ ಮೂಲೆಗೆ ಒತ್ತಿದ್ರೆ ಲೇಪನ ಇರೋ ಕಡೆ ಅಂಟುತ್ತೆ.

ನೆರಳಿಗ
ಇದರ ಜೊತೆಗೆ ಇನ್ನೊಂದು. ಫೋಟೋಶಾಪಿಂದ ಪ್ರಿಂಟ್ ಕೊಡ್ತಿದ್ರೆ ಬಣ್ಣ ಪೇಪರಿಗೆ ಹೊಂದಿಸೋ ವಿಧಾನ ರಿಲೇಟಿವ್ ಕಲರಿಮೆಟ್ರಿಕ್ ಇಟ್ಟಾಗ ಬ್ಲಾಕ್ ಪಾಯಿಂಟ್ ಕಾಂಪೆನ್ಸೇಶನ್ ಟಿಕ್ ಆಗಿದೆಯಾ ನೋಡಿ. ಅದು ಆಫ್ ಇದ್ರೆ ಪೇಪರ್‌ಗೆ ಆಗದಷ್ಟು ಕಪ್ಪಿರೋ ಟೋನ್‌ಗಳೆಲ್ಲಾ ಒಂದೇ ಕಪ್ಪಿಗೆ ಬಿದ್ದು ಮುದ್ದೆ ಆಗ್ತವೆ. ಆನ್ ಇದ್ರೆ ಫೈಲಿನ ಕಪ್ಪನ್ನ ಪೇಪರಿನ ಕಪ್ಪಿಗೆ ಕಟ್ಟಿ ಮಧ್ಯದ್ದನ್ನೆಲ್ಲಾ ಅದಕ್ಕೆ ತಕ್ಕ ಹಾಗೆ ಹಂಚುತ್ತೆ. ಕಂಬಳಿ ಎಳೆ ಹೋಗಿರೋದಕ್ಕೆ ಅರ್ಧ ಕಾರಣ ಇದೇ ಇರಬಹುದು.

ನನ್ನ ಕೇಳಿದ್ರೆ, ಎಲ್ರೂ ಡಿಮ್ಯಾಕ್ಸ್ ಡಿಮ್ಯಾಕ್ಸ್ ಅಂತ ಒಂದೇ ನಂಬರ್ ಹಿಂದೆ ಓಡ್ತಾರೆ. ಕಪ್ಪು "ಗಾಢ" ಅನ್ಸೋದು ಅತಿ ಕಪ್ಪಿಂದ ಅಲ್ಲ, ಅದರ ಪಕ್ಕದ ಸ್ವಲ್ಪ ಕಮ್ಮಿ ಕಪ್ಪಿಂದ. ಪೂರ್ತಿ ಕತ್ತಲಲ್ಲಿ ಏನೋ ಅಲುಗಾಡ್ತಿದೆ ಅನ್ನೋ ಹಾಗಿದ್ರೆ ಅದು ಆಳ. ಏನೂ ಇಲ್ಲದಿದ್ರೆ ಅದು ಮಸಿ ಬಳಿದ ಗೋಡೆ, ಡೆನ್ಸಿಟಿ 2.5 ಇದ್ರೂ ಅಷ್ಟೇ. ಒಂದು ಟೆಸ್ಟ್ ಫೈಲ್ ಮಾಡ್ಕೊಳ್ಳಿ. ಆರ್‌ಜಿಬಿ 0, 5, 10, 15 ಹೀಗೆ 50ರವರೆಗೆ ಚೌಕಗಳು, ಪಕ್ಕಪಕ್ಕ (0 ಅಂದ್ರೆ ಪೂರ್ತಿ ಕಪ್ಪು). ಪ್ರಿಂಟ್ ತೆಗೆದು ಒಣಗಿಸಿ, 0ಕ್ಕಿಂತ ಬೇರೆ ಅಂತ ಮೊದಲು ಕಾಣೋ ಚೌಕ ಯಾವುದು ನೋಡಿ. ಆ ನಂಬರ್ ನಿಮ್ಮ ಪೇಪರ್ ಬಗ್ಗೆ ಹೇಳೋಷ್ಟು ಯಾವ ರಿವ್ಯೂನೂ ಹೇಳಲ್ಲ.

ಡೆನ್ಸಿಟಿ_ಭೂತ
+1. ನಾನೇ ಬರೀಬೇಕಿತ್ತು ಇದನ್ನ.

ಆರುಬಣ್ಣ
ನಂದು ಆರು ಬಣ್ಣದ ಡೈ ಇಂಕ್ (ಪುಡಿ ಅಲ್ಲ, ದ್ರವದಲ್ಲಿ ಕರಗಿದ ಬಣ್ಣ) ಟ್ಯಾಂಕ್ ಪ್ರಿಂಟರ್. ಗ್ಲಾಸಿ ಮೇಲೆ ಕಪ್ಪು ಸಖತ್ತಾಗಿ ಬರುತ್ತೆ, ಪಿಗ್ಮೆಂಟ್ ಇಟ್ಕೊಂಡಿರೋ ಫ್ರೆಂಡೇ ಬೆರಗಾದ. ಆದ್ರೆ ಬೂದು ಭಾಗ ಎಲ್ಲಾ ಒಂದು ಸಲ ಹಸಿರು, ಇನ್ನೊಂದು ಸಲ ನೇರಳೆ. ಮನೆ ಒಳಗೆ ಒಂಥರ, ಹೊರಗೆ ಒಂಥರ. ಇದಕ್ಕೂ ಪೇಪರ್ ಬದಲಾಯಿಸಬೇಕಾ?

ಡೆನ್ಸಿಟಿ_ಭೂತ
@ಆರುಬಣ್ಣ ಇಲ್ಲ, ಅದು ಪೇಪರ್ ಕಥೆ ಅಲ್ಲ. ಆರು ಬಣ್ಣದ ಅಂಥ ಪ್ರಿಂಟರ್‌ಗಳಲ್ಲಿ ಸಾಮಾನ್ಯವಾಗಿ ಬ್ಲಾಕ್ ಒಂದೇ, ಬೂದು ಇಂಕ್ ಇರಲ್ಲ. ಬೂದು ಬೇಕಾದಾಗ ಸಯಾನ್ ಮಜೆಂಟಾ ಹಳದಿ ಬೆರೆಸಿ ಮಾಡುತ್ತೆ, ಮೂರರ ತಕ್ಕಡಿ ಒಂಚೂರು ವಾಲಿದ್ರೂ ಬಣ್ಣ ಇಣುಕುತ್ತೆ, ಬೆಳಕು ಬದಲಾದಾಗ ಇನ್ನೊಂದು ಬಣ್ಣ ಇಣುಕುತ್ತೆ. ಎರಡು ಮೂರು ಬೂದು ಇಂಕ್ ಇರೋ ಪ್ರಿಂಟರ್ ಬೇಕು ಅನ್ನೋದು ಇದಕ್ಕೇ. 2005ರಲ್ಲಿ ಎಪ್ಸನ್ ಕೆ3 ಇಂಕ್ ಬಂತಲ್ಲ, ಬ್ಲಾಕು ಮತ್ತು ಎರಡು ಬೂದು, ಜೊತೆಗೆ ಡ್ರೈವರಲ್ಲೇ ಬ್ಲಾಕ್ ಅಂಡ್ ವೈಟ್ ಮೋಡ್, ಅಲ್ಲಿಂದ ಮನೆಯಲ್ಲಿ ಬ್ಲಾಕ್ ಅಂಡ್ ವೈಟ್ ತೆಗೆಯೋದು ಸುಲಭ ಆಯ್ತು. ಡೈ ಇಂಕ್ ಕಪ್ಪು ಗ್ಲಾಸಿ ಮೇಲೆ ಚೆನ್ನಾಗಿರೋದು ನಿಜ, ಬ್ರಾಂಜಿಂಗ್ ಕಾಟನೂ ಇಲ್ಲ, ಆದ್ರೆ ಬೆಳಕಿಗೆ ಪಿಗ್ಮೆಂಟ್‌ನಷ್ಟು ವರ್ಷ ತಡ್ಯಲ್ಲ.

ಕೆಂಪುದೀಪ
ಬೂದು ಇಂಕ್ ಹುಚ್ಚು ಪೂರ್ತಿ ಹಿಡಿದವರು ಕಲರ್ ಇಂಕೇ ಕಿತ್ತಾಕಿ ಎಲ್ಲಾ ಕಾರ್ಟ್ರಿಜ್‌ಗೂ ಬೇರೆ ಬೇರೆ ತೆಳುವಿನ ಬೂದು ತುಂಬ್ತಾರೆ. ಜಾನ್ ಕೋನ್ ಅವರ ಪಿಯೆಜೋಗ್ರಫಿ ಅದೇ. ರಾಯ್ ಹ್ಯಾರಿಂಗ್ಟನ್ ಬರೆದ ಕ್ವಾಡ್‌ಟೋನ್ ರಿಪ್ ಅನ್ನೋ ಪ್ರಿಂಟ್ ಸಾಫ್ಟ್‌ವೇರ್ ಇಟ್ಕೊಂಡ್ರೆ ಮಾಮೂಲಿ ಇಂಕಲ್ಲೇ ಯಾವ ಬೂದು ಎಷ್ಟು ಹೋಗಬೇಕು ಅಂತ ನೀವೇ ಹಿಡಿತಕ್ಕೆ ತಗೋಬಹುದು. ನಾನು ಒಂದು ವರ್ಷ ಅದರಲ್ಲಿ ಮುಳುಗಿದ್ದೆ. ಆ ವರ್ಷ ತೆಗೆದ ಫೋಟೋ ಎಷ್ಟು ಅಂತ ಕೇಳ್ಬೇಡಿ, ತೆಗೆದಿದ್ದೆಲ್ಲಾ ಬರೀ ಬೂದು ಪಟ್ಟಿ.

ಹೊಳಪೇ_ಬಲ
ಬ್ರಾಂಜಿಂಗ್ ಅಂದ್ರೆ ಗ್ಲಾಸಿ ಮೇಲೆ ಓರೆಯಾಗಿ ನೋಡಿದಾಗ ಕಪ್ಪು ಕಂಚಿನ ಥರ ಮಿಂಚೋದು ತಾನೇ? ಅದು ಹಳೇ ಕಾಲದ್ದು. ಈಗಿನ ಇಂಕಲ್ಲಿ ನನಗೆ ಕಂಡೇ ಇಲ್ಲ.

ಹತ್ತಿಕಾಗದ
ಓರೆಯಾಗಿ ನೋಡಿದ್ರೆ ತಾನೇ ಕಾಣೋದು 😏 ಇಂಕ್ ಬಿದ್ದ ಕಡೆ ಒಂದು ಹೊಳಪು, ಬೀಳದ ಬಿಳಿ ಕಡೆ ಇನ್ನೊಂದು ಹೊಳಪು, ಅದನ್ನ ಮುಚ್ಚೋಕೆ ಕ್ಯಾನನ್ ಪ್ರೊ 1000ದಲ್ಲಿ ಕ್ರೋಮಾ ಆಪ್ಟಿಮೈಜರ್ ಅಂತ ಬಣ್ಣ ಇಲ್ಲದ ದ್ರವಕ್ಕೇ ಒಂದು ಕಾರ್ಟ್ರಿಜ್ ಇಟ್ಟಿದಾರೆ. ಸಮಸ್ಯೆ ಇಲ್ಲದಿದ್ರೆ ಅದು ಯಾಕೆ ಬೇಕಿತ್ತು? ಮ್ಯಾಟಲ್ಲಿ ಈ ರಗಳೆನೇ ಇಲ್ಲ.

ಹೊಳಪೇ_ಬಲ
ಮ್ಯಾಟಲ್ಲಿ ಉಗುರು ತಾಗಿದ್ರೆ ಕಪ್ಪಿನ ಮೇಲೆ ಬಿಳಿ ಗೆರೆ. ಅದು ರಗಳೆ ಅಲ್ವಾ? ಒಂದರ ಮೇಲೊಂದು ಇಟ್ರೆ ಉಜ್ಜಿ ಹಾಳು. ನಾನು ಕಳೆದ ಸಲ ಪ್ರದರ್ಶನಕ್ಕೆ ಅಂತ ತೆಗೆದ ನಾಲ್ಕು ಮ್ಯಾಟ್ ಪ್ರಿಂಟಲ್ಲಿ ಮೂರು ಹಾಗೇ ಹೋದ್ವು.

ಹತ್ತಿಕಾಗದ
ಮಧ್ಯೆ ಬಟರ್ ಪೇಪರ್ ಹಾಕಿದ್ರೆ ಏನಾಗ್ತಿರಲಿಲ್ಲ. ಆದ್ರೆ ಇದೊಂದು ಮಾತಲ್ಲಿ ನೀವು ಸರಿ, ಮ್ಯಾಟ್ ಕಪ್ಪು ಬಹಳ ನಾಜೂಕು. ಪ್ರೊಟೆಕ್ಟಿವ್ ಸ್ಪ್ರೇ ತೆಳ್ಳಗೆ ಎರಡು ಸುತ್ತು ಹೊಡೆದ್ರೆ ಉಜ್ಜಾಟ ಸ್ವಲ್ಪ ತಡ್ಕೊಳುತ್ತೆ, ಕಪ್ಪೂ ಒಂಚೂರು ಗಾಢ ಆಗುತ್ತೆ.

ಸುಮ್ನೆ_ಓದುವೆ
ಇಬ್ರೂ ಒಂದು ವಿಷಯಕ್ಕೆ ಒಪ್ಪಿದ್ರು, ಸ್ಕ್ರೀನ್‌ಶಾಟ್ ತೆಗೆದಿಟ್ಟಿದೀನಿ

ಗಾಜಿನಮನೆ
ಫ್ರೇಮ್ ಕಟ್ಟೋ ಕೆಲಸ ನಂದು, ಒಂದು ಮಾತು ಹೇಳ್ಲಾ? ನೀವೆಲ್ಲ ಅಷ್ಟು ಕಷ್ಟಪಟ್ಟು 0.5% ಅಂತ ಲೆಕ್ಕ ಹಾಕ್ತೀರ, ಆಮೇಲೆ ತಂದು ಮಾಮೂಲಿ ಗಾಜು ಹಾಕಿ ಅಂತೀರ. ಮಾಮೂಲಿ ಗಾಜು ಒಂದೊಂದು ಮೇಲ್ಮೈಯಿಂದ ಸುಮಾರು 4% ಬೆಳಕು ವಾಪಸ್ ಕಳಿಸುತ್ತೆ, ಎರಡೂ ಸೇರಿ 8%. ಎದುರಿಗೆ ಕಿಟಕಿನೋ ಬಿಳಿ ಗೋಡೆನೋ ಇದ್ರೆ ಆ ಪ್ರತಿಬಿಂಬನೇ ನಿಮ್ಮ ಕಪ್ಪಿಗಿಂತ ಎಷ್ಟೋ ಪಟ್ಟು ಪ್ರಕಾಶ ಆಗಿ ಮೇಲೆ ಕೂರುತ್ತೆ. ಒಳಗೆ ಮ್ಯಾಟ್ ಇದೆಯೋ ಬರೈಟಾ ಇದೆಯೋ ಆಮೇಲೆ ಯಾರಿಗೂ ಗೊತ್ತಾಗಲ್ಲ. ಆಂಟಿ ರಿಫ್ಲೆಕ್ಷನ್ ಲೇಪನ ಇರೋ ಗಾಜು 1%ಗಿಂತ ಕಮ್ಮಿಗೆ ಇಳಿಸುತ್ತೆ. "ನಾನ್ ಗ್ಲೇರ್" ಅಂತ ಮೇಲ್ಮೈ ಒರಟು ಮಾಡಿದ ಗಾಜು ಬೇರೆ, ಅದನ್ನ ತಗೋಬೇಡಿ, ಅದು ಎಲ್ಲದರ ಮೇಲೂ ಮಂಜು ಕವಿದ ಹಾಗೆ ಮಾಡುತ್ತೆ.

ಮತ್ತೆ ಪ್ರಿಂಟ್ ತೆಗೆದ ದಿನವೇ ಫ್ರೇಮಿಗೆ ತರಬೇಡಿ ದಯವಿಟ್ಟು. ಇಂಕಲ್ಲಿರೋ ಗ್ಲೈಕಾಲ್ ನಿಧಾನ ಹೊರಗೆ ಬರುತ್ತೆ, ಒಳಗೇ ಮುಚ್ಚಿದ್ರೆ ಕೆಲವು ವಾರಕ್ಕೆ ಗಾಜಿನ ಒಳಗಡೆ ಮಬ್ಬು ಕಟ್ಟುತ್ತೆ. ಆಮೇಲೆ ಬೈಯೋದು ನನಗೆ.

ನೆರಳಿಗ
@ಗಾಜಿನಮನೆ ಇದು ಚಿನ್ನದಂಥ ಮಾತು. ಬೆಳಕೂ ಅಷ್ಟೇ. ಪ್ರಿಂಟ್ ಪರೀಕ್ಷೆ ಮಾಡೋಕೆ ಐಎಸ್ಒ 3664 ಅನ್ನೋ ಮಾನದಂಡದಲ್ಲಿ ಬೆಳಕಿಗೆ ಎರಡು ಮಟ್ಟ ಇದೆ, ಹೋಲಿಸಿ ನೋಡೋಕೆ 2000 ಲಕ್ಸ್ (ಬೆಳಕಿನ ಅಳತೆ), ಮಾಮೂಲಿ ಜಾಗದಲ್ಲಿ ಹೇಗೆ ಕಾಣುತ್ತೆ ಅಂತ ನೋಡೋಕೆ 500 ಲಕ್ಸ್. 2000ದಲ್ಲಿ ಕಂಡ ಕಂಬಳಿ ಎಳೆ ಸಂಜೆ ದೀಪದಲ್ಲಿ ಹುಡುಕಿದ್ರೂ ಸಿಗಲ್ಲ. ಪ್ರಿಂಟ್ ಎಲ್ಲಿ ತೂಗು ಹಾಕ್ತೀರೋ ಅಲ್ಲೇ ನಿಂತು ನೋಡಿ, ಬೇಕಾದ್ರೆ ಆ ಜಾಗಕ್ಕೆ ಅಂತಾನೇ ನೆರಳನ್ನ ಸ್ವಲ್ಪ ಎತ್ತಿ ಇನ್ನೊಂದು ಫೈಲ್ ಮಾಡಿ.

ಗಡಿಬಿಡಿ_ಗುಂಡ
ಓಬಿಎ (ಬಿಳುಪು ಹೊಳೆಸೋ ಬ್ರೈಟ್ನರ್) ಇರೋ ಪೇಪರ್ ಹಾಕಿದ್ರೆ ಬಿಳಿ ಜಾಸ್ತಿ ಬಿಳಿ, ಆಗ ಕಪ್ಪು ಜಾಸ್ತಿ ಕಪ್ಪು ಕಾಣುತ್ತೆ ಅಲ್ವಾ? ಇದಾದ್ರೂ ಸರಿನಾ 😅

ಬಯಲುಸೀಮಿ
ಇದು ಖರೇ ಐತಿ ಗುಂಡಪ್ಪಾ, ಅರ್ಧ. ಆ ಬ್ರೈಟ್ನರ್ ಯುವಿ ಬೆಳಕ ತಗೊಂಡು ನೀಲಿ ಕೊಡತೈತಿ, ಅದಕ್ಕ ಬಿಳುಪು ಹೊಳಿತೈತಿ. ಯುವಿ ಇಲ್ಲದ ಎಲ್‌ಇಡಿ ಕೆಳಗ ಇಟ್ರ ಆ ಹೊಳಪು ಮಾಯ. ವರ್ಷ ಕಳದಂಗ ಬ್ರೈಟ್ನರ್ ಸತ್ತು ಹಾಳಿ ತನ್ನ ಮೂಲ ಹಳದಿಗೆ ಬರತೈತಿ. ಬಹಳ ವರ್ಷ ಇಡೂದಿದ್ರ ಬ್ರೈಟ್ನರ್ ಇಲ್ಲದ್ದ ನೋಡ್ರಿ, ಕ್ಯಾನ್ಸನ್ ಪ್ಲಾಟೀನ್ ಫೈಬರ್ ರಾಗ್ ಐತಲ್ಲ, 310 ಜಿಎಸ್‌ಎಂ, ಪೂರ್ತಿ ಹತ್ತಿ, ಓಬಿಎ ಇಲ್ಲ, ಕಪ್ಪೂ ಬರೈಟಾದಂಗ ಆಳ. ನನಗ ಎಲ್ಲಾ ಕೂಡಿ ಅದ ಸೇರತೈತಿ. ಹೊಳಪೂ ಅತಿ ಇಲ್ಲ.

ಗಡಿಬಿಡಿ_ಗುಂಡ
ಅರ್ಧ ಸರಿ ಅಂದ್ರೆ ನನ್ನ ಮಟ್ಟಿಗೆ ಪೂರ್ತಿ ಸರಿ 💪

ಕಂಬಳಿಹುಳ
ಎರಡು ದಿನ ಆಯ್ತು, ಅಪ್‌ಡೇಟ್ ಕೊಡ್ತೀನಿ. ಮೀಡಿಯಾ ಟೈಪ್ ಮ್ಯಾಟ್ ಫೈನ್ ಆರ್ಟ್‌ಗೆ ಬದಲಾಯಿಸಿದೆ, ಸರಿಯಾದ ಪ್ರೊಫೈಲ್ ಹಾಕಿದೆ, ಬ್ಲಾಕ್ ಪಾಯಿಂಟ್ ಟಿಕ್ ಮಾಡಿದೆ (ಆಫ್ ಇತ್ತು, @ನೆರಳಿಗ ನಿಮಗೆ ಹೇಗೆ ಗೊತ್ತಾಯ್ತು?). ಮೊದಲು ಆ ಚೌಕಗಳ ಟೆಸ್ಟ್ ತೆಗೆದೆ. ಹಳೇ ಸೆಟ್ಟಿಂಗಲ್ಲಿ 0ಯಿಂದ 25ರವರೆಗೆ ಎಲ್ಲಾ ಒಂದೇ ಬೂದಿ, 30ರಲ್ಲಿ ಬೇರೆ ಅಂತ ಅನ್ಸ್ತಿತ್ತು. ಹೊಸದರಲ್ಲಿ 10 ಅನುಮಾನ, 15 ಸ್ಪಷ್ಟ. ಅದೇ ಪೇಪರು, ಅದೇ ಬಾಕ್ಸು!

ಫೋಟೋ ತೆಗೆದಾಗ ಕಂಬಳಿ ವಾಪಸ್ ಬಂದಿದೆ. ಭುಜದ ಮೇಲೆ ಮಡಿಕೆ ಇದೆ ಅಂತಾನೇ ನಾನು ಮರೆತುಬಿಟ್ಟಿದ್ದೆ. ಹಿಂದಿನ ಕತ್ತಲೂ ಸ್ಲೇಟ್ ಥರ ಇಲ್ಲ ಈಗ.

ಆಮೇಲೆ ಆಸೆ ತಡೀದೆ ಫ್ರೆಂಡ್ ಹತ್ರ ಒಂದು ಬರೈಟಾ ಹಾಳೆ ಇಸ್ಕೊಂಡು ಅದರ ಮೇಲೂ ತೆಗೆದೆ. ಅಕ್ಕಪಕ್ಕ ಇಟ್ರೆ ಸುಳ್ಳು ಹೇಳಲ್ಲ, ಬರೈಟಾ ಕಪ್ಪು ಬಾವಿ ಥರ ಇದೆ, ಒಳಗೆ ಇಳಿದು ಹೋಗುತ್ತೆ. ಆದ್ರೆ ಆ ಕಪ್ಪಲ್ಲಿ ಅವರ ಮುಖ ಒಂದು ಸ್ಟೇಜ್ ಲೈಟಲ್ಲಿ ಇದ್ದ ಹಾಗೆ ಕಾಣುತ್ತೆ, ಮ್ಯಾಟಲ್ಲಿ ಕೋಣೆ ಒಳಗೆ ಕೂತ ಹಾಗೆ. ಮನೆಯಲ್ಲಿ ಮೂರು ಜನಕ್ಕೆ ತೋರಿಸಿದೆ, ಇಬ್ರು ಬರೈಟಾ ಅಂದ್ರು. ನನಗೆ ಮ್ಯಾಟೇ ಇಷ್ಟ ಆಯ್ತು.

ಹತ್ತಿಕಾಗದ
🙏🙏🙏

ಹೊಳಪೇ_ಬಲ
ಮೂರರಲ್ಲಿ ಎರಡು ವೋಟು ನಂದು, ಅದನ್ನ ಮರೀಬೇಡಿ.

ಕೆಂಪುದೀಪ
ಎರಡನ್ನೂ ಇಟ್ಕೊಳ್ಳಿ. ರಾತ್ರಿ ಬೀದಿ, ಮಳೆ, ಲೋಹ, ಗಾಜು ಇಂಥವು ಹೊಳಪು ಪೇಪರಲ್ಲೇ ಬದುಕೋದು. ಉಣ್ಣೆ, ಮಣ್ಣು, ಮುದುಕರ ಚರ್ಮ, ಮಂಜು ಇವಕ್ಕೆ ಮ್ಯಾಟ್. ನಾನು ಫೋಟೋ ನೋಡದೆ ಪೇಪರ್ ಹೇಳೋದು ಬಿಟ್ಟು ಬಹಳ ವರ್ಷ ಆಯ್ತು.

ಕಂಬಳಿಹುಳ
ಇನ್ನೊಂದೇ ಒಂದು ಪ್ರಶ್ನೆ, ಬೈಬೇಡಿ. ಹೊಸ ಮ್ಯಾಟ್ ಪ್ರಿಂಟಲ್ಲಿ ಕತ್ತಲಿನ ಮಧ್ಯೆ ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆ ನಾಲ್ಕೈದು ಇದೆ. ಪ್ರಿಂಟ್ ಹೊರಗೆ ಬಂದಾಗ ಇರ್ಲಿಲ್ಲ, ಒಣಗಿದ ಮೇಲೆ ಕೈಯಾಡಿಸಿದಾಗ ಬಂತು. ಪ್ರಿಂಟ್ ಹೆಡ್ ಹೋಯ್ತಾ?

ಮಸಿಕೈ
ಹೆಡ್ಡಿಗೆ ಏನೂ ಆಗಿಲ್ಲ. ಹತ್ತಿ ಪೇಪರಲ್ಲಿ ಸಣ್ಣ ನಾರು, ಲೇಪನದ ಪುಡಿ ಮೇಲೆ ಕೂತಿರುತ್ತೆ, ಇಂಕು ಅದರ ಮೇಲೆ ಬೀಳುತ್ತೆ, ಆಮೇಲೆ ಅದು ಉದುರಿದಾಗ ಕೆಳಗಿನ ಬಿಳಿ ಕಾಣುತ್ತೆ. ಟ್ರೇಗೆ ಹಾಕೋ ಮುಂಚೆ ಹಾಳೆನ ಓರೆ ಹಿಡಿದು ಮೃದು ಬ್ರಷಲ್ಲಿ ಎರಡು ಸಲ ಗುಡಿಸು. ಈಗ ಬಂದಿರೋ ಚುಕ್ಕೆಗೆ ಸಣ್ಣ ಕುಂಚದ ತುದೀಲಿ ಮ್ಯಾಟ್ ಬ್ಲಾಕ್ ಇಂಕ್ ಒಂಚೂರು ಮುಟ್ಟಿಸು. ಒಂಚೂರು ಅಂದ್ರೆ ಒಂಚೂರು.

ಕೆಂಪುದೀಪ
ಡಾರ್ಕ್‌ರೂಂನಲ್ಲೂ ಸ್ಪಾಟಿಂಗ್ ಅಂತ ಇದನ್ನೇ ಗಂಟೆಗಟ್ಟಲೆ ಮಾಡ್ತಾ ಕೂರ್ತಿದ್ವಿ. ಏನೂ ಬದಲಾಗಿಲ್ಲ ನೋಡಿ.

ಕಂಬಳಿಹುಳ
ಮುಟ್ಟಿಸಿದೆ. ಒಂಚೂರು ಜಾಸ್ತಿ ಆಯ್ತು. ಇನ್ನೊಂದು ಹಾಳೆ ಹಾಕ್ತಿದೀನಿ.

ಮಸಿಕೈ
ಮೀಡಿಯಾ ಟೈಪ್ ನೋಡ್ಕೋ 😄